ಹಳೆ ಬೈಕ್ ಕೊಳ್ಳುವ ಮುನ್ನ: ಗ್ರಾಹಕ ಶಿಕ್ಷಣ ಘಟಕಕ್ಕೊಂದು ಪೂರಕ ಪಾಠ

ತರಗತಿ: 10
ವಿಷಯ: ಸಮಾಜ ವಿಜ್ಞಾನ (ವ್ಯವಹಾರ ಅಧ್ಯಯನ)
ಅವಧಿ: 40 ನಿಮಿಷಗಳ ಎರಡು ತರಗತಿಗಳು
ಬೋಧನೋಪಕರಣ: ಒಂದು ಹಳೆ ಬೈಕ್, ಅದರ ಆರ್‌ಸಿ ನಕಲು, ಪೆನ್ಸಿಲ್, ತೆಳು ಕಾಗದ, ಅಳತೆಪಟ್ಟಿ

ಗ್ರಾಹಕ ಶಿಕ್ಷಣದ ಘಟಕವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಂಡ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಬಿಸ್ಕತ್ತಿನ ಪೊಟ್ಟಣ, ಐಎಸ್‌ಐ ಗುರುತು, ಅಂಗಡಿ ರಸೀದಿ ಹಿಡಿದು ತರಗತಿಗೆ ಹೋಗುತ್ತಾರೆ. ತಪ್ಪೇನಿಲ್ಲ. ಆದರೆ ಪೀಣ್ಯ, ದಾಸರಹಳ್ಳಿ ಕಡೆಯ ಮಕ್ಕಳ ಮನೆಗಳಲ್ಲಿ ಚಿಂತೆಗೆ ಕಾರಣವಾಗುವ ಖರೀದಿಯೇ ಬೇರೆ. ಅಣ್ಣನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಪಾಳಿ ಮುಗಿಯುವ ಹೊತ್ತಿಗೆ ಮೆಟ್ರೊ ನಿಂತಿರುತ್ತದೆ, ಕೂಡಿಟ್ಟ ಹಣಕ್ಕೆ ಹಳೆ ಬೈಕೊಂದು ಬೇಕು. ಆ ಮನೆಯಲ್ಲಿ ಫಾರಂ ಓದಬಲ್ಲವರು ಎಷ್ಟೋ ಸಲ ಈ ಹತ್ತನೇ ತರಗತಿಯ ಮಕ್ಕಳೇ.

ಇದು ಬೈಕ್ ಓಡಿಸುವ ಪಾಠವಲ್ಲ ಎಂಬುದನ್ನು ಮೊದಲೇ ಹೇಳಿಬಿಡಿ. ಗೇರ್ ಇರುವ ಬೈಕಿಗೆ 18 ವರ್ಷ ತುಂಬಿರಬೇಕು. ಅಪ್ರಾಪ್ತರು ಓಡಿಸಿದರೆ 2019ರ ತಿದ್ದುಪಡಿಯ ಪ್ರಕಾರ ಪೋಷಕರು ಅಥವಾ ಮಾಲೀಕರು ಶಿಕ್ಷೆಗೆ ಗುರಿಯಾಗುತ್ತಾರೆ. ಅಣ್ಣನ ಜೊತೆ ಹೋಗಿ ನೋಡುವ, ಕೇಳುವ, ಬರೆದುಕೊಳ್ಳುವ ಕೆಲಸವಷ್ಟೇ ಮಕ್ಕಳದು.

ಪೀಠಿಕೆಗೆ ಒಂದೇ ಪ್ರಶ್ನೆ ಸಾಕು: ‘ಪಕ್ಕದ ಬೀದಿಯವರು ತಾವು ಓಡಿಸುತ್ತಿದ್ದ ಬೈಕನ್ನು ನಿಮಗೆ ಮಾರಿದರು. ವಾರದಲ್ಲೇ ಇಂಜಿನ್ ಕೆಟ್ಟಿತು. ಗ್ರಾಹಕರ ಆಯೋಗಕ್ಕೆ ಹೋಗಬಹುದೇ?’ ಪಠ್ಯ ಓದಿದ ಮಕ್ಕಳು ‘ಹೋಗಬಹುದು’ ಎನ್ನುತ್ತಾರೆ. ಗ್ರಾಹಕ ಸಂರಕ್ಷಣಾ ಕಾಯಿದೆ ನೋಡುವುದು ಗ್ರಾಹಕ ಮತ್ತು ವ್ಯಾಪಾರಿಯ ನಡುವಿನ ವ್ಯವಹಾರವನ್ನು. ಸ್ವಂತ ಬೈಕ್ ಮಾರಿದ ನೆರೆಯವರು ವ್ಯಾಪಾರಿಯಲ್ಲ, ರಸೀದಿಯಿಲ್ಲ, ವಾರಂಟಿಯಿಲ್ಲ. ದುಡ್ಡು ಕೊಡುವ ಮುಂಚಿನ ತಪಾಸಣೆಯೇ ಇಲ್ಲಿ ರಕ್ಷಣೆ. ಮುಂದಿನ ಬೋಧನೆಯೆಲ್ಲ ಈ ಮಾತಿನ ಮೇಲೆ ನಿಂತಿದೆ.

ಮೊದಲ ತರಗತಿ ಪೂರ್ತಿ ಕಾಗದಪತ್ರಕ್ಕೇ ಇರಲಿ. ಮಕ್ಕಳಿಗೆ ಇಂಜಿನ್ನಿನ ಕಡೆಗೇ ಸೆಳೆತ, ಆದರೆ ಕೆಟ್ಟ ಇಂಜಿನ್ನನ್ನು ಮೆಕ್ಯಾನಿಕ್ ಸರಿಮಾಡಬಲ್ಲರು, ಕೆಟ್ಟ ಕಾಗದವನ್ನಲ್ಲ. ಚಾಸಿ ನಂಬರನ್ನು ಹ್ಯಾಂಡಲ್ ಕೆಳಗಿನ ಕಬ್ಬಿಣದಲ್ಲಿ ಕೊರೆದಿರುತ್ತಾರೆ. ಅದರ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ನಾಣ್ಯದ ಅಚ್ಚು ಮೂಡುವಂತೆ ನಂಬರ್ ಮೂಡುತ್ತದೆ. ಆರ್‌ಟಿಒ ಕಚೇರಿಯವರು ಕೇಳುವ ‘ಪೆನ್ಸಿಲ್ ಪ್ರಿಂಟ್’ ಇದೇ. ಗುಂಪಿಗೊಂದು ಅಚ್ಚು ತೆಗೆಸಿ, ಆರ್‌ಸಿಯ ನಂಬರಿನೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿಸಿ. ಉಜ್ಜಿ ಅಳಿಸಿದ ಗುರುತಿದ್ದರೆ ಅಥವಾ ಒಂದು ಅಂಕಿ ಬೇರೆಯಿದ್ದರೂ ಆ ಬೈಕ್ ಬೇಡ.

ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರಿದ್ದರೆ, ಸಾಲ ತೀರಿದ ಪತ್ರ ಮತ್ತು ಸಹಿಯಾದ ಫಾರಂ 35 ಬೇಕು. ನೋಂದಣಿಯ ಆಯುಸ್ಸು 15 ವರ್ಷ. ಹದಿನಾಲ್ಕು ವರ್ಷದ ಬೈಕ್ ಅಗ್ಗಕ್ಕೆ ಸಿಗುವ ಗುಟ್ಟು ಅಲ್ಲೇ ಇದೆ. ವಿಮೆ, ಹೊಗೆ ತಪಾಸಣೆ, ಬಾಕಿ ದಂಡಗಳನ್ನೂ ನೋಡಬೇಕು. ಎಲೆಕ್ಟ್ರಾನಿಕ್ ಸಿಟಿ ಕಡೆ ಪಾಠ ಮಾಡುವವರು ಇನ್ನೊಂದು ಮಾತು ಸೇರಿಸಿ: ಹೊಸೂರಿನ ಟಿಎನ್-70 ಬೈಕ್ ಕಡಿಮೆ ಬೆಲೆಗೆ ಸಿಕ್ಕರೂ, ಅಲ್ಲಿಯ ನಿರಾಕ್ಷೇಪಣಾ ಪತ್ರ ತಂದು ಇಲ್ಲಿಯ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಬೇಕು. ಆ ಖರ್ಚನ್ನು ಬೆಲೆಗೆ ಕೂಡಿಸಿ ನೋಡಲಿ.

ಫಾರಂ 29 ಮತ್ತು 30ರ ಖಾಲಿ ಪ್ರತಿಗಳನ್ನು ಹಂಚಿ ತುಂಬಿಸಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ತಿಳಿಸಬೇಕು. ‘ಆಮೇಲೆ ಮಾಡಿಸೋಣ’ ಎಂಬ ಮಾತು ಮಾರಿದವರಿಗೇ ಹೆಚ್ಚು ಅಪಾಯ. ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆ ಪ್ರಕರಣದ ವಾಹನ ಆಗಲೇ ಹಲವರ ಕೈ ದಾಟಿತ್ತು. ಇದನ್ನು ಹೇಳಿದರೆ ಮಾರುವವರೂ ಆರ್‌ಟಿಒಗೆ ಜೊತೆಯಲ್ಲಿ ಬರುತ್ತಾರೆ.

ಎರಡನೇ ತರಗತಿಯನ್ನು ಸೈಕಲ್ ನಿಲ್ಲಿಸುವ ಜಾಗದಲ್ಲಿ, ಬೈಕಿನ ಸುತ್ತ ಮಾಡಿ. ಕೀಲಿ ಶಿಕ್ಷಕರ ಕೈಯಲ್ಲೇ ಇರಲಿ. ಸ್ಟಾರ್ಟ್ ಮಾಡುವ ಮೊದಲು ಇಂಜಿನ್ ತಣ್ಣಗಿರಬೇಕು. ಬಿಸಿಯಿದ್ದರೆ ಮಾರುವವರು ಆಗಲೇ ಒಮ್ಮೆ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ, ಬೆಳಗಿನ ಹೊತ್ತಿನ ತೊಂದರೆ ಕಾಣುವುದಿಲ್ಲ. ಚಳಿಯಲ್ಲಿ ಸೈಲೆನ್ಸರಿನಿಂದ ಬರುವ ತೆಳು ಬಿಳಿ ಹಬೆ ಬರೀ ನೀರಾವಿ. ನೀಲಿ ಹೊಗೆ ಹಾಗಲ್ಲ. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದು ಆಯಿಲ್ ಉರಿಯುತ್ತಿದೆ, ಇಂಜಿನ್ ಬಿಚ್ಚಿಸಬೇಕಾಗುತ್ತದೆ. ರಸಾಯನಶಾಸ್ತ್ರದ ದಹನಕ್ರಿಯೆಯನ್ನು ಇಲ್ಲಿ ನೆನಪಿಸಿದರೆ ವಿಜ್ಞಾನದ ಶಿಕ್ಷಕರಿಗೂ ಖುಷಿ.

ಚೈನನ್ನು ಹಿಂದಿನ ಹಲ್ಲುಚಕ್ರದ ತುದಿಯಲ್ಲಿ ಹಿಡಿದು ಎಳೆಸಿ. ಹಲ್ಲು ಅರ್ಧದಷ್ಟು ಕಾಣುವಂತೆ ಎದ್ದರೆ ಚೈನ್ ಸೆಟ್ ಮುಗಿದಿದೆ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ಓದಿಸಿ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೀಟರ್ ತೋರಿಸುವ ಕಿಲೋಮೀಟರನ್ನು ಹಾಗೇ ನಂಬಬೇಕಿಲ್ಲ. ಗೇರ್ ಲಿವರ್, ಫುಟ್‌ರೆಸ್ಟ್ ರಬ್ಬರಿನ ಸವೆತ ನೋಡಬೇಕು. ಸಿಕ್ಕ ಪ್ರತಿಯೊಂದು ದೋಷದ ಎದುರು ರಿಪೇರಿಯ ಖರ್ಚು ಬರೆಯಲಿ. ₹38,000ಕ್ಕೆ ಹೇಳಿದ ಬೈಕಿಗೆ ಟೈರು, ಚೈನ್ ಸೆಟ್, ವಿಮೆ, ವರ್ಗಾವಣೆ ಸೇರಿ ₹7,000 ಆಗುತ್ತದೆ ಎಂದುಕೊಂಡರೆ, ಚೌಕಾಸಿಗೆ ಹುಡುಗರ ಕೈಯಲ್ಲಿ ಲೆಕ್ಕವಿರುತ್ತದೆ.

ನಿರ್ವಹಣೆಗೆ ಕೊನೆಯ ಹತ್ತು ನಿಮಿಷ. ಹಿಂದಿನವರು ಏನು ಹಾಕಿದ್ದರೋ ಗೊತ್ತಿಲ್ಲ, ಕೊಂಡ ದಿನವೇ ಇಂಜಿನ್ ಆಯಿಲ್ ಬದಲಿಸಬೇಕು. ವಾರಕ್ಕೊಮ್ಮೆ ಟೈರಿನ ಗಾಳಿ. ಚೈನಿನ ಸಡಿಲ ಎಷ್ಟಿರಬೇಕೆಂದು ಕೈಪಿಡಿಯಲ್ಲಿದೆ. ಅಳತೆಪಟ್ಟಿ ಹಿಡಿದು ನೋಡುವುದನ್ನು ಮಾಡಿ ತೋರಿಸಿ. ಚೈನಿಗೆ ತೆಗೆದ ಹಳೆ ಆಯಿಲ್ ಸುರಿಯುವ ರೂಢಿ ನಮ್ಮಲ್ಲಿದೆ. ಪೀಣ್ಯದ ಧೂಳು ಅದಕ್ಕೆ ಅಂಟಿ ಚೈನನ್ನು ಉಪ್ಪುಕಾಗದದಂತೆ ತಿನ್ನುತ್ತದೆ. ಅದೇ ಧೂಳು ಏರ್ ಫಿಲ್ಟರನ್ನೂ ಬೇಗ ಕಟ್ಟಿಸುವುದರಿಂದ, ಕೈಪಿಡಿ ಹೇಳಿದ್ದಕ್ಕಿಂತ ಮೊದಲೇ ಅದನ್ನು ನೋಡಿಸಬೇಕು.

ಮೌಲ್ಯಮಾಪನಕ್ಕೆ ಸಂದರ್ಭ ಪ್ರಶ್ನೆಯೇ ಸರಿ: ‘ಮೀಟರ್ 14,000 ಕಿ.ಮೀ. ತೋರಿಸುತ್ತಿದೆ. ಫುಟ್‌ರೆಸ್ಟ್ ರಬ್ಬರ್ ನುಣ್ಣಗಾಗಿದೆ. ಬೆಳಿಗ್ಗೆ ಏಳಕ್ಕೇ ಇಂಜಿನ್ ಬೆಚ್ಚಗಿದೆ. ಆರ್‌ಸಿ ಮಾರುವವರ ಭಾವಮೈದುನನ ಹೆಸರಿನಲ್ಲಿದೆ. ಅಣ್ಣನಿಗೆ ಏನು ಹೇಳುತ್ತೀರಿ?’ ‘ಕೊಳ್ಳಬೇಡ’ ಎಂದಷ್ಟೇ ಬರೆದವರಿಗೆ ಅರ್ಧ ಅಂಕ. ಮೊದಲು ಯಾರನ್ನು ಏನು ಕೇಳಬೇಕು ಎಂದು ಬರೆದವರಿಗೆ ಪೂರ್ತಿ.