ಠಾಣೆಯಿಂದ ಕರೆ ಬಂದಾಗ

ಕಣದಲ್ಲಿಟ್ಟ ಕಾಫಿಯೋ ಸುಲಿದ ಅಡಿಕೆಯೋ ಕಳವಾದರೆ ಪೊಲೀಸರು ಮಾಲು ಮಾರಿದವರನ್ನೂ ಕೊಂಡವರನ್ನೂ ವಿಚಾರಿಸುವುದುಂಟು. ಮೈಸೂರಿಗೆ ಮಾಲು ತಂದ ನಿರಪರಾಧಿ ಬೆಳೆಗಾರನಿಗೂ ಕರೆ ಬಂದೀತು. "ಒಪ್ಪಿಕೊಂಡರೆ ಮನೆಗೆ ಬಿಡುತ್ತಾರೆ" ಎಂಬ ಮಾತಿಗೆ ಆಗ ಮರುಳಾಗಬಾರದು.

ಸಂವಿಧಾನದ 20(3)ನೆಯ ವಿಧಿಯಂತೆ, ಆರೋಪಿಯು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರೂ ಬಲವಂತ ಮಾಡುವಂತಿಲ್ಲ. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು ತೀರ್ಪಿತ್ತು, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸಕೂಡದೆಂದಿತು. ಈ ರಕ್ಷಣೆ ಠಾಣೆಯ ವಿಚಾರಣೆಗೂ ಉಂಟು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನುಗಳಲ್ಲಿಯೂ ಈ ರಕ್ಷಣೆಗಳು ಉಳಿದಿವೆ. ಬೆಳೆಗಾರರು ನೆನಪಿಡಬೇಕಾದವು:

1. ಕೇಳಿದ್ದಕ್ಕೆ ನಿಜವನ್ನೇ ಹೇಳಬೇಕು. ಆದರೆ ತನ್ನನ್ನೇ ಅಪರಾಧಕ್ಕೆ ಸಿಲುಕಿಸುವ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ.

2. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಹೇಳಿದವರ ಸಹಿ ಬೇಕಿಲ್ಲ. ಖಾಲಿ ಹಾಳೆಗಂತೂ ಹೆಬ್ಬೆಟ್ಟನ್ನೂ ಒತ್ತಬೇಡಿ.

3. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗದು. ಆದರೆ ವಶದಲ್ಲಿರುವ ಆರೋಪಿಯ ಮಾತಿನಿಂದ ಮಾಲು ಪತ್ತೆಯಾದರೆ, ಪತ್ತೆಗೆ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. "ಹೇಗೂ ನಿಲ್ಲುವುದಿಲ್ಲ" ಎಂದು ಏನನ್ನಾದರೂ ಆಡಬೇಡಿ.

4. ಸಾಕ್ಷಿಯಾಗಿ ವಿಚಾರಿಸಬೇಕಾದ ಹೆಂಗಸರನ್ನೂ 60 ದಾಟಿದವರನ್ನೂ ಅವರ ಮನೆಯಲ್ಲಿಯೇ ವಿಚಾರಿಸಬೇಕು.

5. ಬಂಧಿಸಿದರೆ ಕಾರಣ ತಿಳಿಸಬೇಕು. ಪ್ರಯಾಣದ ಕಾಲ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕೂ ಇದೆ. ಬಂಧನದಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ದೊರೆಯುತ್ತಾರೆ.

ಮಾಲು ಮಾರಿದ ಪ್ರತಿ ರಸೀದಿಯನ್ನೂ ಜೋಪಾನವಾಗಿಡಿ. ಸಂಶಯ ಬಂದ ದಿನ ನಿಮ್ಮ ಪರವಾಗಿ ಮೊದಲು ಮಾತಾಡುವುದು ಅದೇ.