ತಾಯಿಕೋಳಿಯ ತೂಕ ನೋಡು, ಮಗಾ

ಬ್ರೀಡರ್ ಫಾರಂನಲ್ಲಿ ಸೂಪರ್‌ವೈಸರ್ ಕೆಲಸಕ್ಕೆ ಸೇರುತ್ತಿದ್ದೀಯ ಎಂದು ನಿಮ್ಮಪ್ಪ ಹೇಳಿದ. ಬಹಳ ಸಂತೋಷವಾಯಿತು. ನೀನು ಬ್ರಾಯ್ಲರ್ ಶೆಡ್ ನೋಡಿ ಬೆಳೆದವನು, ಅಲ್ಲಿ ತೂಕ ಬಂದಷ್ಟೂ ಲಾಭ. ಪೇರೆಂಟ್ ಕೋಳಿಗಳ ಶೆಡ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಹೇಂಟೆಗೆ ಹೊಟ್ಟೆ ತುಂಬ ಹಾಕುವಂತಿಲ್ಲ, ಬಡಕಲು ಮಾಡುವಂತೆಯೂ ಇಲ್ಲ. ಅದರ ತೂಕದಲ್ಲಿ ಆದ ಏರುಪೇರು ತಿಂಗಳುಗಳ ನಂತರ, ನೀನು ಮುಖ ನೋಡದ ಯಾರೋ ರೈತನ ಶೆಡ್‌ನಲ್ಲಿ, ಮರಿ ಏಳಲಿಲ್ಲ ಎಂಬ ದೂರಾಗಿ ಹೊರಗೆ ಬರುತ್ತದೆ.

ಫೀಡ್ ಅಳೆದು ಯಾಕೆ ಹಾಕಬೇಕು ಎಂದು ಮೊದಲು ತಿಳಿದುಕೋ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957 ಮತ್ತು 1978ರ ಬ್ರಾಯ್ಲರ್ ತಳಿಗಳನ್ನು ಹಾಗೆಯೇ ಕಾಪಾಡಿಕೊಂಡು ಬಂದಿದ್ದರು. ಅವನ್ನು 2005ರ ತಳಿಯ ಜೊತೆ ಒಂದೇ ಫೀಡ್ ಕೊಟ್ಟು ಸಾಕಿದರು. 56ನೇ ದಿನ ಮೊದಲನೆಯದು 905 ಗ್ರಾಂ ತೂಗಿತು, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ. ಇಂಥ ಮರಿ ಕೊಡುವ ತಾಯಿಗೂ ಅದೇ ಹಸಿವು. ಬೇಕಾದಷ್ಟು ತಿನ್ನಲು ಬಿಟ್ಟರೆ ಹೊಟ್ಟೆಯಲ್ಲಿ ಕೊಬ್ಬು ಕಟ್ಟುತ್ತದೆ, ಒಮ್ಮೆಗೇ ಎರಡು ಮೂರು ಹಳದಿ ಬಲಿತು ಜೋಡಿ ಹಳದಿಯ ಮೊಟ್ಟೆ, ತೆಳು ಚಿಪ್ಪಿನ ಮೊಟ್ಟೆ ಬೀಳುತ್ತವೆ. ಅಳತೆಯ ಫೀಡ್ ಮುಗಿಸಿ ಖಾಲಿ ಫೀಡರ್ ಕುಕ್ಕುತ್ತಾ ನಿಂತ ಹೇಂಟೆಗಳನ್ನು ನೋಡಿದಾಗ ನಿನ್ನ ಕರುಳು ಚುರುಕ್ ಎನ್ನುತ್ತದೆ. ಎನ್ನಲೇಬೇಕು. ಅಷ್ಟು ಬಿಗಿಯಾಗಿ ಕಟ್ಟಿಹಾಕಿದ ಪ್ರಾಣಿಗೆ ಸಲ್ಲಬೇಕಾದ್ದರಲ್ಲಿ ಒಂದು ಗ್ರಾಂ ಸಹ ಕಡಿಮೆ ಮಾಡುವ ಹಕ್ಕು ಯಾರಿಗೂ ಇಲ್ಲ.

ತೂಕ ಕಡಿಮೆಯಾದ ಹೇಂಟೆ ತಡವಾಗಿ ಮೊಟ್ಟೆಗೆ ಬರುತ್ತದೆ, ಮೊಟ್ಟೆಯೂ ಸಣ್ಣದು. ಮರಿಯ ತೂಕ ಮೊಟ್ಟೆಯ ತೂಕದ ಮೂರರಲ್ಲಿ ಎರಡು ಪಾಲು ಎಂದು ಇಟ್ಟುಕೋ. 50 ಗ್ರಾಂ ಮೊಟ್ಟೆಯಿಂದ 33-34 ಗ್ರಾಂ ಮರಿ, 60 ಗ್ರಾಂ ಮೊಟ್ಟೆಯಿಂದ 40 ಗ್ರಾಂ ಮರಿ. ಮೊದಲ ದಿನದ ಆ ಆರೇಳು ಗ್ರಾಂ ಅಂತರ ಮಾರುವ ಹೊತ್ತಿಗೆ ಹಲವು ಪಟ್ಟು ಹಿಗ್ಗಿರುತ್ತದೆ. ಮೊಟ್ಟೆಯೊಡೆಯುವ ಮುಂಚೆ ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದಲ್ಲ, ಮೊದಲೆರಡು ಮೂರು ದಿನ ಅದರ ಬಲವೇ ಅದು. ತಾಯಿ ಕೊಟ್ಟ ರೋಗನಿರೋಧಕ ಶಕ್ತಿ, ವಿಟಮಿನ್ ಎಲ್ಲ ಬರುವುದು ಅದೇ ಬುತ್ತಿಯಲ್ಲಿ.

ಆದ್ದರಿಂದ ವಾರಕ್ಕೊಮ್ಮೆ ತೂಗುವ ಕೆಲಸವನ್ನು ಬೇರೆಯವರ ಕೈಗೆ ಬಿಡಬೇಡ. ಒಂದೇ ದಿನ, ಒಂದೇ ಹೊತ್ತು, ಬೆಳಗ್ಗೆ ಫೀಡ್ ಹಾಕುವ ಮುಂಚೆ. ಶೆಡ್‌ನ ಎರಡು ಮೂರು ಕಡೆ ಜಾಲರಿ ಅಡ್ಡ ಇಟ್ಟು ಹಿಡಿ, ಪ್ರತಿ ಪೆನ್‌ಗೆ ಐವತ್ತಕ್ಕೆ ಕಡಿಮೆ ಬೇಡ. ಜಾಲರಿಯೊಳಗೆ ಸಿಕ್ಕಿದ್ದನ್ನೆಲ್ಲ ತೂಗು. ಕೆಲಸದ ಹುಡುಗರು ಮೂಲೆಯಲ್ಲಿ ಮುದುರಿದ ಸಣ್ಣದನ್ನು ಮೆಲ್ಲಗೆ ಹೊರಗೆ ಬಿಟ್ಟುಬಿಡುತ್ತಾರೆ, ಸರಾಸರಿ ಚೆನ್ನಾಗಿ ಕಾಣಲಿ ಅಂತ. ನೀನು ತಿಳಿಯಬೇಕಾದ್ದು ಆ ಸಣ್ಣದರ ತೂಕವನ್ನೇ. ಸರಾಸರಿ 2,200 ಗ್ರಾಂ ಇದ್ದರೆ ನೂರಕ್ಕೆ ಎಂಬತ್ತಾದರೂ 1,980ರಿಂದ 2,420ರ ಒಳಗೆ ಇರಬೇಕು. ಇಲ್ಲವಾದರೆ ಫೀಡರ್ ಜಾಗ ಸಾಲುತ್ತಿಲ್ಲ, ದಪ್ಪನೆಯವು ನುಗ್ಗಿ ತಿನ್ನುತ್ತಿವೆ, ಸಣ್ಣವು ಹಿಂದೆ ಉಳಿದಿವೆ. ಗ್ರೇಡಿಂಗ್ ಮಾಡಿ ಸಣ್ಣವನ್ನು ಬೇರೆ ಪೆನ್‌ಗೆ ಹಾಕು, ಹಾಕಿದ ಫೀಡ್ ಎರಡು ಮೂರು ನಿಮಿಷದಲ್ಲಿ ಎಲ್ಲದರ ಮುಂದೆಯೂ ಬೀಳುವಂತೆ ನೋಡಿಕೋ. ತಕ್ಕಡಿಯಿಂದ ಇಳಿಸುವಾಗ ಎದೆಮೂಳೆಯ ಎರಡೂ ಬದಿ ಬೆರಳಾಡಿಸು. ಮೂಳೆ ಚೂಪಾಗಿ ತಗುಲಿದರೆ ವಯಸ್ಸಿಗೆ ತಕ್ಕ ತೂಕದ ಚಾರ್ಟ್ ಏನೇ ಹೇಳಲಿ, ಹಕ್ಕಿ ಇನ್ನೂ ಮೊಟ್ಟೆಗೆ ತಯಾರಿಲ್ಲ. ಮೊಟ್ಟೆಗೆ ತರಲೆಂದು ಲೈಟ್ ಹೆಚ್ಚಿಸಲು ಅವಸರಪಡಬೇಡ.

ಮೊದಲ ಹನ್ನೆರಡು ವಾರದ ಬಗ್ಗೆ ವಿಶೇಷವಾಗಿ ಎಚ್ಚರ. ಮೂಳೆಯ ಚೌಕಟ್ಟು ಬಹುಪಾಲು ಅಷ್ಟರಲ್ಲೇ ಮುಗಿಯುತ್ತದೆ. ಆಗ ಹಿಂದೆ ಬಿದ್ದ ಹಕ್ಕಿಗೆ ಆಮೇಲೆ ಎಷ್ಟು ಹಾಕಿದರೂ ಮಾಂಸ, ಕೊಬ್ಬು ಬರುತ್ತದೆಯೇ ಹೊರತು ಮೈಕಟ್ಟು ಬರುವುದಿಲ್ಲ. ಇನ್ನು ಹದಿನೈದು ವಾರ ದಾಟಿದ ಮೇಲೆ ತೂಕ ಚಾರ್ಟಿಗಿಂತ ಮೇಲೆ ಹೋದರೆ ಫೀಡ್ ಕತ್ತರಿಸಿ ಕೆಳಕ್ಕೆ ಎಳೆಯಬೇಡ. ಚಾರ್ಟಿನಲ್ಲಿ ಹೊಸ ಗೆರೆಯನ್ನು ಹಳೆಯ ಗೆರೆಗೆ ಸಮಾನಾಂತರವಾಗಿ ಎಳೆದು ಅದರ ಮೇಲೆ ನಡೆಸು. ಮೊಟ್ಟೆಗೆ ಬರುವ ಹೊತ್ತಿನಲ್ಲಿ ಹಸಿವಿಗೆ ಬಿದ್ದ ಹೇಂಟೆ ಮತ್ತೆ ಸರಿಹೋಗುವುದು ಕಷ್ಟ.

ಮ್ಯಾನೇಜರ್ ಬರುತ್ತಾರೆಂದು ತೂಕದ ಪುಸ್ತಕದಲ್ಲಿ ಅಂಕಿ ತಿದ್ದುವವರು ಸಿಗುತ್ತಾರೆ. ಅವರ ಜೊತೆ ಸೇರಬೇಡ. ಮುಂದಿನ ವಾರದ ಫೀಡ್ ನಿರ್ಧಾರವಾಗುವುದು ಆ ಅಂಕಿಯ ಮೇಲೆ, ಸುಳ್ಳು ಬರೆದರೆ ಹೊಡೆತ ಬೀಳುವುದು ಬಾಯಿಲ್ಲದ ಹಕ್ಕಿಗೆ.

ಎಷ್ಟೇ ಚೆನ್ನಾಗಿ ಸಾಕಿದರೂ ಎಳೆಯ ಲಾಟಿನ, ಅಂದರೆ ಈಗಷ್ಟೇ ಮೊಟ್ಟೆಗೆ ಬಂದ ಹೇಂಟೆಗಳ ಗುಂಪಿನ, ಮೊಟ್ಟೆ ಸಣ್ಣದೇ. ಅದನ್ನು ಹಳೆಯ ಲಾಟಿನ ಮೊಟ್ಟೆಯ ಜೊತೆ ಬೆರೆಸಿ ಹ್ಯಾಚರಿಗೆ ಕಳಿಸಬೇಡ, ಟ್ರೇ ಮೇಲೆ ಲಾಟಿನ ವಯಸ್ಸು ಬರೆ. ಮರಿ ಪೆಟ್ಟಿಗೆಯ ಮೇಲೂ ಅದು ಇರಬೇಕೆಂದು ಹ್ಯಾಚರಿಯವರಿಗೆ ಹೇಳು. 26 ವಾರದ ತಾಯಿಯ ಮರಿ ಎಂದು ಗೊತ್ತಾದರೆ ರೈತ ಬ್ರೂಡರ್ ಕೆಳಗೆ ಒಂದೆರಡು ಡಿಗ್ರಿ ಶಾಖ ಹೆಚ್ಚಿಗೆ ಇಡುತ್ತಾನೆ, ನೀರು ಹತ್ತಿರ ಇಡುತ್ತಾನೆ, ದೊಡ್ಡ ಮರಿಗಳ ಜೊತೆ ಬಿಡದೆ ಬೇರೆ ಗಾರ್ಡ್ ಕಟ್ಟುತ್ತಾನೆ.