ಮನೆಗೆ ಬಂದವರ ಮೈಮೇಲೆ ಹಾರುವ ನಾಯಿಗೆ ಪಾಠ



ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಮಲೆನಾಡು ಭಾಗದಲ್ಲಿ ಯಾರ ಮನೆಗೆ ಹೋದರೂ ಮೊದಲ ಮಾತು ಒಂದೇ. ಬಂದವರು ಉಣುಗೋಲಿನ ಹೊರಗೆ ನಿಂತು “ಗೌಡ್ರೇ, ನಾಯಿ ಕಟ್ಟಿದ್ದೀರಾ?” ಎಂದು ಕೂಗುತ್ತಾರೆ. ಒಳಗಿನಿಂದ “ಬನ್ನಿ ಬನ್ನಿ, ಅದು ಏನೂ ಮಾಡಲ್ಲ” ಎಂಬ ಉತ್ತರ ಬರುತ್ತದೆ. ಅಷ್ಟರಲ್ಲಿ ನಾಯಿ ಹಿಂಗಾಲ ಮೇಲೆ ಎದ್ದು ನಿಂತು, ಕೆಸರಿನ ಮುಂಗಾಲುಗಳನ್ನು ಬಂದವರ ಎದೆಯ ಮೇಲೆ ಇಟ್ಟಿರುತ್ತದೆ.

ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಹಸಿರು ಮೇವು ಇವುಗಳ ಬಗ್ಗೆ ಬರೆಯುವ ಈ ಪುಟದಲ್ಲಿ ನಾಯಿಯ ವಿಷಯ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಹೆತ್ತೂರು, ಯಸಳೂರು, ಹಾನುಬಾಳು ಕಡೆಯ ಒಂಟಿ ಮನೆಗಳಿಗೆ ಕೃತಕ ಗರ್ಭಧಾರಣೆ ಕಾರ್ಯಕರ್ತರು ಮಳೆಯಲ್ಲಿ, ಕೊರಕಲು ರಸ್ತೆಯಲ್ಲಿ ಬೈಕು ತಳ್ಳಿಕೊಂಡು ಬರುತ್ತಾರೆ. ಹಸುವಿನ ಬೆದೆ ಸಾಮಾನ್ಯವಾಗಿ 12ರಿಂದ 18 ಗಂಟೆ ಮಾತ್ರ ಇರುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಒಮ್ಮೆ ನಾಯಿ ಪ್ಯಾಂಟು ಹರಿದ ಮನೆಗೆ ಆ ಕಾರ್ಯಕರ್ತರು ಮತ್ತೆ ಹೋಗುವಾಗ ಹಿಂದುಮುಂದು ನೋಡುವುದು ಸಹಜ. ಬೇರೆ ಮನೆಗಳನ್ನೆಲ್ಲ ಮುಗಿಸಿ ಕೊನೆಗೆ ಬರುತ್ತಾರೆ. ಆ ಹೊತ್ತಿಗೆ ಬೆದೆ ಇಳಿದಿದ್ದರೆ ಮುಂದಿನ ಬೆದೆಗೆ ಇನ್ನೂ 21 ದಿನ. ಆ 21 ದಿನದ ಹಿಂಡಿ, ಹುಲ್ಲು, ತಡವಾದ ಕರು, ಎಲ್ಲದರ ಲೆಕ್ಕ ಹಾಕಿದರೆ ನಾಯಿ ಹಾರುವುದು ತಮಾಷೆಯ ವಿಷಯವಲ್ಲ ಎಂದು ತಿಳಿಯುತ್ತದೆ.

ಹಾಲು ಕರೆಯುವ ಹೊತ್ತಿನಲ್ಲೂ ಅಷ್ಟೇ. ಕೆಚ್ಚಲು ತೊಳೆದು ಒರೆಸಿದಾಗ ಹಸುವಿನ ರಕ್ತದಲ್ಲಿ ಆಕ್ಸಿಟೋಸಿನ್ ಎಂಬ ಚೋದನಿಕೆ ಸೇರಿ ಹಾಲು ಇಳಿಯುತ್ತದೆ. ಅದರ ಪರಿಣಾಮ ಇರುವುದು ಸುಮಾರು ಐದಾರು ನಿಮಿಷ. ಆ ಸಮಯದಲ್ಲಿ ಯಾರೋ ಅಂಗಳಕ್ಕೆ ಬಂದು, ನಾಯಿ ಕೊಟ್ಟಿಗೆಯ ಮುಂದೆ ಕಿರುಚಿ ಕುಣಿದರೆ ಹಸು ಬೆದರುತ್ತದೆ, ಹಾಲು ಏರಿಸಿಕೊಳ್ಳುತ್ತದೆ. ಹೀಗೆ ಕೆಚ್ಚಲಲ್ಲಿ ಉಳಿದ ಹಾಲು ಕೆಚ್ಚಲು ಬಾವಿಗೆ ದಾರಿ. ಇನ್ನು ಡೇರಿಗೆ ಹಾಲು ಒಯ್ಯುವ ಹೆಣ್ಣುಮಕ್ಕಳ ಮೇಲೆ ಪ್ರೀತಿಯಿಂದಲೇ ಹಾರಿ ಕ್ಯಾನು ಉರುಳಿಸಿದ ನಾಯಿಗಳ ಕತೆ ನಿಮಗೇ ಗೊತ್ತು.

ನಾಯಿ ಏಕೆ ಹಾರುತ್ತದೆ?

ಕೊಬ್ಬಿನಿಂದಲ್ಲ, ಪೌರುಷ ತೋರಿಸಲೂ ಅಲ್ಲ. ಮರಿಗಳು ತಾಯಿ ಬಂದಾಗ ಅದರ ಬಾಯಿ ನೆಕ್ಕಿ ಎದುರುಗೊಳ್ಳುತ್ತವೆ. ಮನುಷ್ಯನ ಮುಖ ಎತ್ತರದಲ್ಲಿರುವುದರಿಂದ ಹಾರುತ್ತವೆ. ಎರಡು ತಿಂಗಳ ಮರಿ ಹಾಗೆ ಮಾಡಿದಾಗ ಮಕ್ಕಳು ಎತ್ತಿ ಮುದ್ದಿಸುತ್ತಾರೆ, ನಾವೂ ನಗುತ್ತೇವೆ. ಎಂಟು ತಿಂಗಳಾಗಿ ಇಪ್ಪತ್ತು ಕಿಲೋ ತೂಗುವಾಗ ಅದೇ ಕೆಲಸಕ್ಕೆ ದೊಣ್ಣೆ ಏಟು ಬೀಳುತ್ತದೆ. ಕಲಿಸಿದವರು ನಾವು, ಏಟು ನಾಯಿಗೆ.

ಇದು ನಿಮಗೆ ಹೊಸ ವಿಷಯವೇನಲ್ಲ. ಬಕೆಟ್ಟಿನ ಸದ್ದು ಕೇಳಿದೊಡನೆ ಮೊಲೆಯಲ್ಲಿ ಹಾಲು ತೊಟ್ಟಿಕ್ಕುವ ಹಸುವನ್ನು ನೀವು ನೋಡಿದ್ದೀರಿ. ಬಕೆಟ್ಟಿಗೂ ಹಾಲಿಗೂ ಸಂಬಂಧವಿಲ್ಲ, ಆದರೆ ದಿನವೂ ಒಂದರ ಹಿಂದೆ ಒಂದು ಬಂದು ಹಸು ಕಲಿತಿದೆ. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗಳಲ್ಲಿ ಕಂಡದ್ದೂ ಇದನ್ನೇ. ಊಟ ತರುವವರು ಕಂಡರೆ ಸಾಕು, ನಾಯಿಗೆ ಜೊಲ್ಲು ಸುರಿಯುತ್ತಿತ್ತು. ಜೀರ್ಣಕ್ರಿಯೆಯ ಸಂಶೋಧನೆಗಾಗಿ ಅವರಿಗೆ 1904ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಿಮ್ಮ ನಾಯಿಗೆ ಉಣುಗೋಲು ಸರಿಸಿದ ಸದ್ದೇ ಬಕೆಟ್ಟಿನ ಸದ್ದು. ಆ ಸದ್ದಿನ ಹಿಂದೆ ಏನು ಬರುತ್ತದೆ ಎಂಬುದನ್ನು ನಾವು ಬದಲಾಯಿಸಬೇಕು.

ಇನ್ನೊಂದು ಮಾತು. ನಾಯಿ ಹಾರಿದಾಗ ನಾವು ಅದನ್ನು ನೋಡಿದರೂ, ಬೈದರೂ, ಕೈಯಿಂದ ತಳ್ಳಿದರೂ ಅದಕ್ಕೆ ಬೇಕಾದ್ದು ಸಿಕ್ಕಂತೆಯೇ. ನಾಯಿಗೆ ಬೇಕಾದ್ದು ನಮ್ಮ ಗಮನ. ತಳ್ಳಿದ್ದನ್ನು ಅದು ಆಟ ಎಂದುಕೊಳ್ಳುತ್ತದೆ. “ಏಯ್, ಸುಮ್ನಿರೋ!” ಎಂದು ನಾವು ಗಟ್ಟಿಯಾಗಿ ಕೂಗಿದರೆ, ಯಜಮಾನರೂ ನನ್ನ ಜೊತೆ ಬೊಗಳುತ್ತಿದ್ದಾರೆ ಎಂಬಂತೆ ಇನ್ನೂ ಜೋರು ಮಾಡುತ್ತದೆ.

ಕಲಿಸುವ ಕ್ರಮ

ಮೊದಲು ಯಾರೂ ಬಾರದ ಹೊತ್ತಿನಲ್ಲಿ “ಕೂತ್ಕೋ” ಎಂಬ ಒಂದು ಮಾತನ್ನು ಕಲಿಸಿ. ನಾಯಿಗೆ ಹಸಿವಿರುವ ಹೊತ್ತು ಒಳ್ಳೆಯದು. ಅಕ್ಕಿ ರೊಟ್ಟಿ, ಬೇಯಿಸಿದ ಮೊಟ್ಟೆ ಅಥವಾ ಒಣ ಮೀನಿನ ಚೂರನ್ನು ಕಡಲೆ ಕಾಳಿನಷ್ಟು ಮಾಡಿಟ್ಟುಕೊಳ್ಳಿ. ಚೂರನ್ನು ನಾಯಿಯ ಮೂಗಿನ ಮುಂದೆ ಹಿಡಿದು, ನಿಧಾನವಾಗಿ ತಲೆಯ ಮೇಲಿನಿಂದ ಹಿಂದಕ್ಕೆ ಸರಿಸಿ. ಮೂಗು ಮೇಲೇರಿದರೆ ಹಿಂಭಾಗ ತಾನಾಗಿ ಕೆಳಗೆ ಕೂರುತ್ತದೆ. ಕೂತ ಆ ಕ್ಷಣದಲ್ಲೇ “ಭೇಷ್” ಎಂದು ಚೂರು ಕೊಡಿ. ಸೊಂಟ ಹಿಡಿದು ಅದುಮಬೇಡಿ. ಒಂದು ಬಾರಿಗೆ ಐದು ನಿಮಿಷ ಸಾಕು, ದಿನಕ್ಕೆ ಎರಡು ಮೂರು ಬಾರಿ. ಮೂರು ನಾಲ್ಕು ದಿನಗಳಲ್ಲಿ ನಾಟಿ ನಾಯಿ ಇದನ್ನು ಕಲಿಯುತ್ತದೆ. ನಾಟಿ ನಾಯಿಗೆ ಬುದ್ಧಿ ಕಡಿಮೆ, ಜಾತಿ ನಾಯಿಯೇ ಆಗಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಆಮೇಲೆ ಮನೆಯವರಿಂದಲೇ ಆರಂಭಿಸಿ. ತೋಟದಿಂದ ಬಂದವರು, ಡೇರಿಯಿಂದ ಬಂದವರು, ಶಾಲೆಯಿಂದ ಬಂದ ಮಕ್ಕಳು, ಎಲ್ಲರಿಗೂ ಒಂದೇ ಕಟ್ಟಳೆ: ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ಮಾತು, ಮುದ್ದು. ಹಾರಿದರೆ ಕೈ ಕಟ್ಟಿಕೊಂಡು, ಬೆನ್ನು ತಿರುಗಿಸಿ ನಿಲ್ಲಿ. ನೋಡಬೇಡಿ, ಮಾತಾಡಬೇಡಿ. ಕಾಲು ನೆಲಕ್ಕೆ ಬಂದೊಡನೆ ತಿರುಗಿ, ಬಗ್ಗಿ, ಮೆಲ್ಲಗೆ ಕುತ್ತಿಗೆಯ ಪಕ್ಕ ಸವರಿ. ಇದನ್ನು ಆರಂಭಿಸಿದ ಮೊದಲ ಕೆಲವು ದಿನ ನಾಯಿ ಹಿಂದಿಗಿಂತಲೂ ಹೆಚ್ಚು ಹಾರುತ್ತದೆ. ಇಷ್ಟು ದಿನ ನಡೆದದ್ದು ಈಗ ಏಕೆ ನಡೆಯುವುದಿಲ್ಲ ಎಂದು ಪರೀಕ್ಷೆ ಮಾಡುತ್ತದೆ. ಹೆಚ್ಚಿನವರು ಇಲ್ಲಿಯೇ ಸೋತು “ಇದಕ್ಕೆ ಹೊಡೆತವೇ ಸರಿ” ಎನ್ನುತ್ತಾರೆ. ಒಂದು ವಾರ ತಡೆದುಕೊಳ್ಳಿ. ಹಾಗೆಯೇ ಮನೆಯಲ್ಲಿ ಒಬ್ಬರು, ಹೆಚ್ಚಾಗಿ ಅಜ್ಜಿ ಅಥವಾ ಚಿಕ್ಕ ಮಗ, “ಪಾಪ” ಎಂದು ಹತ್ತರಲ್ಲಿ ಒಮ್ಮೆ ಹಾರಿದಾಗಲೂ ಮುದ್ದಿಸಿದರೆ ಆ ಚಟ ಇನ್ನೂ ಗಟ್ಟಿಯಾಗುತ್ತದೆ. ಓಸಿ ಆಡುವವನನ್ನು ನೋಡಿ: ಎಂದೋ ಒಮ್ಮೆ ಬಂದದ್ದೇ ಅವನನ್ನು ದಿನವೂ ಎಳೆಯುತ್ತದೆ.

ಮೂರನೆಯದು ಹೊರಗಿನವರ ಪಾಠ. ನಾಯಿಯನ್ನು ಜಗಲಿಯ ಕಂಬಕ್ಕೆ ಐದಾರು ಅಡಿ ಹಗ್ಗದಲ್ಲಿ ಕಟ್ಟಿ. ಪಕ್ಕದ ಮನೆಯವರೊಬ್ಬರಿಗೆ ಹೇಳಿ ಉಣುಗೋಲಿನಿಂದ ನಡೆದು ಬರಲು ತಿಳಿಸಿ. ನಾಯಿ ಕೂತಿರುವಷ್ಟು ಹೊತ್ತು ಅವರು ಮುಂದೆ ಬರಲಿ. ಎದ್ದು ಹಾರಿದೊಡನೆ ಅಲ್ಲೇ ನಿಂತು ಎರಡು ಹೆಜ್ಜೆ ಹಿಂದೆ ಸರಿಯಲಿ. ಕೂತರೆ ಮತ್ತೆ ಮುಂದೆ. ಹಾರಿದರೆ ಬಂದವರು ದೂರ ಹೋಗುತ್ತಾರೆ, ಕೂತರೆ ಹತ್ತಿರ ಬರುತ್ತಾರೆ ಎಂಬುದು ನಾಯಿಗೆ ಹೊಳೆಯಲು ಹತ್ತು ಹನ್ನೆರಡು ಸಲ ಬೇಕಾಗಬಹುದು. ದಿನಕ್ಕೊಬ್ಬರಂತೆ ಬೇರೆ ಬೇರೆಯವರಿಂದ ಮಾಡಿಸಿ. ಜಗಲಿಯ ಮೂಲೆಯಲ್ಲಿ ಒಂದು ಗೋಣಿಚೀಲ ಹಾಸಿ, ಜನ ಬಂದಾಗ ಅದರ ಮೇಲೆ ಕೂರುವುದನ್ನು ಅಭ್ಯಾಸ ಮಾಡಿಸಿದರೆ ಇನ್ನೂ ಒಳ್ಳೆಯದು. ಆದರೆ ಗರ್ಭಧಾರಣೆ ಕಾರ್ಯಕರ್ತರು, ಲೈನ್‌ಮನ್, ಆಶಾ ಕಾರ್ಯಕರ್ತೆ ಇವರ ಮೇಲೆ ನಿಮ್ಮ ನಾಯಿಯ ಪಾಠ ನಡೆಸಬೇಡಿ. ಅವರು ಬರುವ ದಿನ ನಾಯಿಯನ್ನು ಮೊದಲೇ ಕಟ್ಟಿರಿ.

ಮೊಣಕಾಲಿನಿಂದ ಗುದ್ದುವುದು, ಹಿಂಗಾಲು ತುಳಿಯುವುದು, ಕೋಲಿನಿಂದ ಹೊಡೆಯುವುದು ಬೇಡವೇ ಬೇಡ. ಜನ ಬಂದಾಗಲೆಲ್ಲ ಏಟು ಬಿದ್ದರೆ, ಜನ ಬಂದರೆ ನೋವು ಎಂದೇ ನಾಯಿ ಕಲಿಯುತ್ತದೆ. ಗುರ್ ಎಂದದ್ದಕ್ಕೂ ಹೊಡೆದರೆ ಅದು ಗುರ್ ಎನ್ನುವುದನ್ನು ಬಿಟ್ಟು ನೇರವಾಗಿ ಕಚ್ಚುತ್ತದೆ. ಗುರ್ ಎನ್ನುವುದು ನಾಯಿ ಕೊಡುವ ಎಚ್ಚರಿಕೆ, ಅದನ್ನು ಕಳೆಯಬಾರದು.

“ಮೆತ್ತಗಾದರೆ ಮನೆ ಕಾಯುತ್ತದೆಯೇ, ಡಾಕ್ಟ್ರೇ?”

ಈ ಪ್ರಶ್ನೆ ಎಲ್ಲ ಕಡೆ ಬರುತ್ತದೆ. ತೋಟದಲ್ಲಿ ಕಾಫಿ, ಮೆಣಸು ಒಣಗುತ್ತಿರುವಾಗ ಬೊಗಳದ ನಾಯಿ ಯಾರಿಗೂ ಬೇಡ, ಸರಿಯೇ. ನಾನು ಹೇಳುತ್ತಿರುವುದು ಬೊಗಳುವುದನ್ನು ನಿಲ್ಲಿಸಿ ಎಂದಲ್ಲ. ಯಾರೋ ಬಂದರೆಂದು ನಾಲ್ಕು ಸಲ ಬೊಗಳಲಿ. ನೀವು ಹೊರಗೆ ಬಂದು ನೋಡಿ, “ಸಾಕು” ಎಂದು ಮೆಲ್ಲಗೆ ಹೇಳಿ, ಸುಮ್ಮನಾದ ಕ್ಷಣ ಚೂರು ಕೊಡಿ. ಕಾವಲು ನಾಯಿಯ ಕೆಲಸ ಸುದ್ದಿ ಮುಟ್ಟಿಸುವುದು, ತೀರ್ಪು ಕೊಡುವುದು ಯಜಮಾನರ ಕೆಲಸ. ಎಲ್ಲರಿಗೂ ಒಂದೇ ಸಮ ಗಂಟೆಗಟ್ಟಲೆ ಬೊಗಳುವ ನಾಯಿಯ ಮಾತನ್ನು ಮನೆಯವರೇ ಕೇಳಿಸಿಕೊಳ್ಳುವುದಿಲ್ಲ, ಕಳ್ಳ ಬಂದ ರಾತ್ರಿಯೂ.

ನಮ್ಮ ಭಾಗಕ್ಕೆ ಇನ್ನೊಂದು ಮುಖ್ಯ ವಿಷಯವಿದೆ. ಕಾಡಾನೆ ಕಂಡ ನಾಯಿ ಬೊಗಳಿ ಕೆಣಕುತ್ತದೆ, ಆನೆ ತಿರುಗಿದರೆ ಓಡಿ ಬಂದು ನಿಲ್ಲುವುದು ಯಜಮಾನರ ಕಾಲ ಬಳಿ. ಆನೆ ಅದರ ಹಿಂದೆಯೇ ಬರುತ್ತದೆ. ಆನೆ ಇರುವ ಸುದ್ದಿ ಇದ್ದ ದಿನ ತೋಟಕ್ಕೆ ನಾಯಿ ಕರೆದೊಯ್ಯಬೇಡಿ.

ಹಗಲಿಡೀ ಬಾಗಿಲಲ್ಲೇ ಸಣ್ಣ ಸರಪಳಿಯಲ್ಲಿ ಕಟ್ಟಿದ ನಾಯಿ ಬರಬರುತ್ತಾ ಕೆರಳುತ್ತದೆ. ಎದುರಿಗೇ ಜನ ಓಡಾಡುತ್ತಾರೆ, ತಾನು ಹೋಗಲಾರದು. ದಾರಿಯಿಂದ ಸ್ವಲ್ಪ ದೂರದಲ್ಲಿ ಎರಡು ಮರಗಳ ನಡುವೆ ತಂತಿ ಎಳೆದು, ಸರಪಳಿಯ ಬಳೆ ಅದರ ಮೇಲೆ ಜಾರುವಂತೆ ಮಾಡಿದರೆ ಅದಕ್ಕೆ ಓಡಾಟ ಸಿಗುತ್ತದೆ. ದಿನಕ್ಕೆ ಅರ್ಧ ಗಂಟೆ ತಿರುಗಾಡಿಸಿ. ರಾತ್ರಿ ಹೊರಗೆ ಕಟ್ಟಿದ ನಾಯಿ ಚಿರತೆಗೆ ತುತ್ತು. ಬಾಗಿಲಿರುವ ಗೂಡು ಬೇಕು.

ಮರಿ ತಂದವರಿಗೆ ಇದೆಲ್ಲ ಸುಲಭ. ಹುಟ್ಟಿದ ಮೂರನೇ ವಾರದಿಂದ ಹನ್ನೆರಡು ಹದಿನಾಲ್ಕನೇ ವಾರದವರೆಗೆ ಮರಿ ಏನನ್ನು ಕಂಡು ಹೆದರದೆ ಇರುತ್ತದೆಯೋ, ದೊಡ್ಡದಾದ ಮೇಲೂ ಹೆಚ್ಚಾಗಿ ಅದಕ್ಕೆ ಹೆದರುವುದಿಲ್ಲ. ಕೊಡೆ ಹಿಡಿದವರು, ಕಂಬಳಿ ಕೊಪ್ಪೆ ಅಥವಾ ಪ್ಲಾಸ್ಟಿಕ್ ಹೊದ್ದವರು, ಹೆಲ್ಮೆಟ್ ಹಾಕಿದವರು, ಬೆನ್ನಿಗೆ ಔಷಧಿ ಪಂಪು ಕಟ್ಟಿದವರು, ಎಲ್ಲರನ್ನೂ ದೂರದಿಂದ ತೋರಿಸಿ ಚೂರು ಕೊಡಿ. ಮಳೆಗಾಲ ಬಂದಾಗ ಗುರುತಿನವರನ್ನೇ ಕಚ್ಚಲು ಹೋಗುವ ನಾಯಿಗಳಲ್ಲಿ ಬಹಳಷ್ಟು ಆ ಪ್ಲಾಸ್ಟಿಕ್ ಕೊಪ್ಪೆಗೆ ಹೆದರಿದವು.

ಬಾಲ ಹೊಟ್ಟೆಯೊಳಗೆ ಮಡಚಿ, ಕಿವಿ ಹಿಂದಕ್ಕೊತ್ತಿ, ಮೈ ಸೆಟೆದು ನಿಲ್ಲುವ ನಾಯಿಯ ವಿಷಯ ಬೇರೆ. ಅದು ಹಾರುವುದು ಸಂತೋಷಕ್ಕಲ್ಲ, ಭಯಕ್ಕೆ. ಅದನ್ನು ಎಳೆದು ತಂದು “ಮುಟ್ಟಿ, ಏನೂ ಮಾಡಲ್ಲ” ಎನ್ನಬೇಡಿ. ಹಿಂದಿನ ಅಂಗಳದಲ್ಲಿ ಕಟ್ಟಿ, ಪಶುವೈದ್ಯರಿಗೆ ತೋರಿಸಿ. ಗಾಯ, ಕಿವಿನೋವು ಇದ್ದರೂ ನಾಯಿ ಹೀಗಾಗುತ್ತದೆ.

ಉಗುರಿನ ಗೀರು ಕೂಡ ಸಣ್ಣದಲ್ಲ

ಪ್ರೀತಿಯಿಂದ ಹಾರಿದ ನಾಯಿಯ ಉಗುರು ಮಗುವಿನ ತೋಳಿಗೆ ಗೀರುತ್ತದೆ. ಬೈಗುಳಕ್ಕೆ ಹೆದರಿ ಮಗು ಹೇಳುವುದಿಲ್ಲ. ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ರೋಗ ತಗುಲಿದ ನಾಯಿಯ ಜೊಲ್ಲಿನಿಂದ ಗೀರಿನ ಮೂಲಕವೂ ಬರಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿ ಇಲ್ಲ. ಪ್ರಪಂಚದಲ್ಲಿ ಈ ರೋಗದಿಂದ ಸಾಯುವವರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ನಮ್ಮ ದೇಶದವರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಕಚ್ಚಿದರೂ ಗೀರಿದರೂ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಭಯ ಇನ್ನೂ ಹಳ್ಳಿಗಳಲ್ಲಿದೆ. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರ ಕೊನೆಗೇ ನಿಲ್ಲಿಸಲಾಯಿತು. ಈಗ ತೋಳಿಗೆ ಕೊಡುತ್ತಾರೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ಮಾಂಸಖಂಡಕ್ಕೆ ಕೊಡುವುದಾದರೆ 14ನೇ ದಿನವೂ ಸೇರುತ್ತದೆ. ರಕ್ತ ಬಂದಿದ್ದರೆ ಗಾಯದ ಸುತ್ತ ಇನ್ನೊಂದು ಚುಚ್ಚುಮದ್ದು ಬೇಕಾಗುತ್ತದೆ, ಅದನ್ನು ತಪ್ಪಿಸಬೇಡಿ. ನಾಯಿ ಮನೆಯದೇ, ಲಸಿಕೆ ಹಾಕಿಸಿದ್ದೇ ಆದರೂ ವೈದ್ಯರ ಬಳಿ ಹೋಗಿ, ನಾಯಿಯನ್ನು ಹತ್ತು ದಿನ ಕಟ್ಟಿ ಗಮನಿಸಿ.

ನಾಯಿಗೆ ಮೂರು ತಿಂಗಳಾದಾಗ ಮೊದಲ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ದಿನಕ್ಕೆ ಮತ್ತೊಂದು, ನಂತರ ಪ್ರತಿ ವರ್ಷ. ಪಾಠ ಕಲಿತ ನಾಯಿಯಿಂದ ಇಲ್ಲೊಂದು ಉಪಯೋಗವಿದೆ: ದಿನವೂ ಸಮಾಧಾನದಿಂದ ಕೂರುವ ನಾಯಿ ಒಂದು ದಿನ ಏಕಾಏಕಿ ಕೆರಳಿದರೆ, ಮೂಲೆ ಸೇರಿದರೆ, ದನಿ ಬದಲಾದರೆ, ಜೊಲ್ಲು ಸುರಿಸಿದರೆ ನಿಮಗೆ ತಕ್ಷಣ ಗೊತ್ತಾಗುತ್ತದೆ. ನೀರು ಕುಡಿಯಿತು, ಹಾಗಾಗಿ ಹುಚ್ಚಲ್ಲ ಎಂದುಕೊಳ್ಳಬೇಡಿ. ನೀರಿನ ಭಯ ಮನುಷ್ಯರಲ್ಲಿ ಕಾಣುವ ಲಕ್ಷಣ, ರೋಗ ಬಂದ ನಾಯಿ ನೀರಿಗೆ ಬಾಯಿ ಹಾಕಬಹುದು. ಅಂಥ ನಾಯಿ ನಿಮ್ಮ ರಾಸನ್ನು ಕಚ್ಚಿದ್ದರೆ ಗಾಯವನ್ನು ಹಾಗೆಯೇ ಸೋಪಿನಲ್ಲಿ ತೊಳೆದು, ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಿ ರಾಸಿಗೂ ಲಸಿಕೆ ಆರಂಭಿಸಿ. ಆ ರಾಸಿನ ಹಾಲನ್ನು ವೈದ್ಯರು ಹೇಳುವವರೆಗೆ ಡೇರಿಗೆ ಹಾಕಬೇಡಿ, ಬರಿಗೈಯಲ್ಲಿ ಅದರ ಬಾಯಿಗೆ ಕೈ ಹಾಕಬೇಡಿ.